ವಿಧಿಗೂ ಕ್ರಿಯೆಗೂ ನಡುವೆ

ಬಂಟ್ವಾಳದ ಅಡ್ಡರಸ್ತೆ ಎಂಬ ಅರ್ಥದ ಇಂಗ್ಲಿಷ್ ಹೆಸರು ಜನರ ಬಾಯಲ್ಲಿ ಸವೆದು ಎರಡು ಅಕ್ಷರಗಳಿಗೂ ಒಂದು ‘ರೋಡ್’ಗೂ ಇಳಿದು ನಿಂತ ಊರು ಬಿ.ಸಿ.ರೋಡ್. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯು ಪಾಣೆಮಂಗಳೂರಿನ ಬಳಿ ನೇತ್ರಾವತಿಯನ್ನು ದಾಟುವುದಕ್ಕೆ ಮುನ್ನ ಇಲ್ಲಿ ಒಂದು ಕವಲನ್ನು ಬಿಟ್ಟುಕೊಡುತ್ತದೆ. ಆ ಕವಲು ಬಂಟ್ವಾಳ ಪೇಟೆಯನ್ನು ಹಾದು ಬೆಳ್ತಂಗಡಿಗೂ, ಮುಂದೆ ಧರ್ಮಸ್ಥಳಕ್ಕೂ ಚಾರ್ಮಾಡಿ ಘಟ್ಟಕ್ಕೂ ಹೋಗುವುದು. ಬಂಟ್ವಾಳದಿಂದಲೇ ಸಿದ್ಧಕಟ್ಟೆಯ ಮೇಲಾಗಿ ಮೂಡಬಿದಿರೆಗೆ ಇನ್ನೊಂದು ದಾರಿಯುಂಟು. ತಾಲ್ಲೂಕು ಕಚೇರಿಯೂ ನ್ಯಾಯಾಲಯವೂ ಇಲ್ಲಿಯೇ ಇರುವುದರಿಂದ, ಅವುಗಳ ಆಶ್ರಯದಲ್ಲಿ ಬಾಳುವ ನೋಟರಿಗಳೂ ಅರ್ಜಿ ಬರೆಯುವವರೂ ಟೈಪಿಂಗ್ ಅಂಗಡಿಗಳೂ ಇಲ್ಲಿ ಸೇರಿಕೊಂಡಿವೆ. ಆ ಅಂಗಡಿಗಳಲ್ಲಿ ದಿನಂಪ್ರತಿ ಅಚ್ಚಾಗುವ ಇಂಗ್ಲಿಷ್ ಅಫಿಡವಿಟ್‌ಗಳ ಮೊದಲ ವಾಕ್ಯವು, ಹೆಸರು ಪ್ರಾಯ ವಿಳಾಸಗಳನ್ನು ಬಿಟ್ಟರೆ, ಎಲ್ಲರಿಗೂ ಒಂದೇ. ‘ಡೂ ಹಿಯರ್‌ಬೈ ಸಾಲಮ್‌ಲಿ ಅಫರ್ಮ್’ ಎಂಬ ಆ ಸೂತ್ರದಲ್ಲಿ ಸಹಾಯಕ ಕ್ರಿಯೆಯು ಒಂದು ದಡದಲ್ಲಿಯೂ ಪ್ರಧಾನ ಕ್ರಿಯೆಯು ಇನ್ನೊಂದು ದಡದಲ್ಲಿಯೂ ಇದ್ದು, ‘ಈ ಮೂಲಕ’ ಎಂದೂ ‘ಗಂಭೀರವಾಗಿ’ ಎಂದೂ ಅರ್ಥಕೊಡುವ ಎರಡು ಕ್ರಿಯಾವಿಶೇಷಣಗಳು ನಡುವೆ ಕುಳಿತಿವೆ. ಸಹಿ ಹಾಕುವವನು ಅದನ್ನು ಓದುವುದಿಲ್ಲ. ಓದಿದರೂ ಆ ಗಾಂಭೀರ್ಯವು ತನ್ನ ಸತ್ಯಕ್ಕೆ ಏನನ್ನು ಕೂಡಿಸಿತೆಂದು ಕೇಳಿಕೊಳ್ಳುವುದಿಲ್ಲ.

ಕೇಳಿಕೊಳ್ಳತಕ್ಕ ಪ್ರಶ್ನೆಯೇ ಅದು. ಈ ನಡುವಣ ಸ್ಥಾನದ ವಿಷಯದಲ್ಲಿ ಇಂಗ್ಲಿಷನ್ನು ಹುಟ್ಟುನುಡಿಯಾಗಿ ಉಳ್ಳವರಲ್ಲಿಯೂ ಬಹುಕಾಲ ಒಂದು ಭೀತಿಯಿತ್ತು. ಭಾವರೂಪದಲ್ಲಿ ‘ಟು’ ಎಂಬುದನ್ನೂ ಧಾತುವನ್ನೂ ಬೇರ್ಪಡಿಸಿ ನಡುವೆ ಇನ್ನೊಂದು ಪದವನ್ನು ಇಡಕೂಡದೆಂದು ಹತ್ತೊಂಬತ್ತನೆಯ ಶತಮಾನದ ಶಿಷ್ಟರು ಕೆಲವರು ವಿಧಿಸಿದರು. ಆ ನಿಷೇಧವು, ನಿಷೇಧಗಳ ಸ್ವಭಾವದಂತೆ, ತನ್ನ ಎಲ್ಲೆಯನ್ನು ಮೀರಿ ಬೆಳೆದು, ‘ವಿಲ್’, ‘ಮಸ್ಟ್’, ‘ಮೇ’ ಮೊದಲಾದ ವಿಧಿಸಂಭಾವನೆಗಳನ್ನು ಸೂಚಿಸುವ ಸಹಾಯಕ ಕ್ರಿಯೆಗಳನ್ನೂ ಅವುಗಳ ಪ್ರಧಾನ ಕ್ರಿಯೆಯಿಂದ ಅಗಲಿಸಬಾರದೆಂಬ ಅಂಜಿಕೆಯಾಗಿ ಪರಿಣಮಿಸಿತು. 1926ರಲ್ಲಿ ತನ್ನ ಪ್ರಯೋಗಕೋಶವನ್ನು ಪ್ರಕಟಿಸಿದ ಫೌಲರನು ಈ ಅಂಜಿಕೆಯು ನಿರಾಧಾರವೆಂದೂ, ಕ್ರಿಯಾವಿಶೇಷಣಕ್ಕೆ ಸಹಜವಾದ ಆಸನವು ಅನೇಕ ವೇಳೆ ಆ ನಡುವೆಯೇ ಎಂದೂ ತೋರಿಸಿಕೊಟ್ಟನು. ವ್ಯಾಕರಣದ ಮಟ್ಟಿಗೆ ವಿವಾದವು ಅಲ್ಲಿಗೆ ಮುಗಿಯಬೇಕಾಗಿತ್ತು. ನನಗೆ ಅದರಲ್ಲಿ ಆಸಕ್ತಿಯುಂಟಾಗುವುದು ವ್ಯಾಕರಣಕ್ಕಾಗಿ ಅಲ್ಲ: ‘ಬೇಕು’ ಎಂಬ ವಿಧಿಗೂ ‘ಮಾಡು’ ಎಂಬ ಕೃತಿಗೂ ನಡುವೆ ‘ಹೇಗೆ’ ಎಂಬುದೊಂದು ಸ್ಥಳವಿದೆಯೆ, ಇದ್ದರೆ ಧರ್ಮವು ವಾಸಿಸುವುದು ಆ ಮೂರರಲ್ಲಿ ಎಲ್ಲಿ, ಎಂಬ ಪ್ರಶ್ನೆಯು ಭಾಷೆಗಳಿಗಿಂತಲೂ ಹಳೆಯದು.

ಆ ಸ್ಥಾನಕ್ಕಾಗಿ ಒಂದು ರಾಷ್ಟ್ರವೇ ಒಂದು ದಿನ ತಬ್ಬಿಬ್ಬಾದುದುಂಟು. ಅಮೆರಿಕದ ಅಧ್ಯಕ್ಷನು ಅಧಿಕಾರ ಸ್ವೀಕರಿಸುವಾಗ ಉಚ್ಚರಿಸಬೇಕಾದ ಮೂವತ್ತೈದು ಪದಗಳ ಪ್ರತಿಜ್ಞೆಯನ್ನು ಆ ದೇಶದ ಸಂವಿಧಾನವೇ ಅಕ್ಷರಶಃ ವಿಧಿಸಿದೆ. ಅದರಲ್ಲಿ ‘ನಿಷ್ಠೆಯಿಂದ’ ಎಂಬರ್ಥದ ‘ಫೇತ್‌ಫುಲಿ’ ಎಂಬ ಪದವು ‘ವಿಲ್’ ಎಂಬುದಕ್ಕೂ ಅಧಿಕಾರ ನಿರ್ವಹಣೆಯನ್ನು ಹೇಳುವ ಕ್ರಿಯೆಗೂ ನಡುವೆ ಇದೆ. 2009ರ ಜನವರಿ 20ರಂದು ಬರಾಕ್ ಒಬಾಮನಿಗೆ ಪ್ರಮಾಣವಚನವನ್ನು ಬೋಧಿಸಿದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಕೈಯಲ್ಲಿ ಕಾಗದವಿಲ್ಲದೆ ನೆನಪಿನಿಂದಲೇ ನುಡಿಯುತ್ತ, ಆ ಪದವನ್ನು ನಡುವಿನಿಂದ ತೆಗೆದು ವಾಕ್ಯದ ಕೊನೆಗೆ ಇಟ್ಟುಬಿಟ್ಟರು. ಒಬಾಮ ಒಂದು ಕ್ಷಣ ತಡೆದನು. ತಿದ್ದುವ ಪ್ರಯತ್ನವಾಗಿ, ಆ ಪ್ರಯತ್ನವೂ ಕದಡಿ, ಪ್ರತಿಜ್ಞೆಯು ಹೇಗೋ ಮುಗಿಯಿತು. ಮರುದಿನ ಶ್ವೇತಭವನದ ಒಂದು ಕೋಣೆಯಲ್ಲಿ, ಅತಿಶಯ ಎಚ್ಚರಿಕೆಯ ನಿಮಿತ್ತವೆಂಬ ಕಾರಣಕೊಟ್ಟು, ಅದನ್ನು ಮತ್ತೊಮ್ಮೆ ಕ್ರಮವಾಗಿ ಹೇಳಿಸಲಾಯಿತು. ನಕ್ಕವರು ಬಹಳ ಮಂದಿ. ‘ನಿಷ್ಠೆ’ಯು ಮುಂದೆ ಬಂದರೇನು, ಹಿಂದೆ ಬಂದರೇನು, ನಿಷ್ಠೆಯೇ ಅಲ್ಲವೆ? ಆದರೆ ಮಂತ್ರದಲ್ಲಿ ಸ್ವರವೊಂದು ತಪ್ಪಿದರೆ ಯಜಮಾನನಿಗೆ ಕೇಡೆಂದು ನಂಬಿದ ಪೂರ್ವಿಕರ ವಂಶದವರು ನಾವು. ನಮಗೆ ಹಾಗೆ ನಕ್ಕುಬಿಡುವ ಸ್ವಾತಂತ್ರ್ಯವಿಲ್ಲ. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯ ಇಂಗ್ಲಿಷ್ ಪಾಠದಲ್ಲಿಯೂ ಮಂತ್ರಿಯ ಪ್ರತಿಜ್ಞೆಗೆ ಬೇಕಾದ ಶ್ರದ್ಧೆಯೂ ಅಂತಃಸಾಕ್ಷಿಯೂ ‘ವಿಲ್’ ಎಂಬುದಕ್ಕೂ ಕರ್ತವ್ಯ ನಿರ್ವಹಣೆಯ ಕ್ರಿಯೆಗೂ ಮಧ್ಯದಲ್ಲಿಯೇ ನಿಂತಿವೆ.

ಈ ವಿಷಯದಲ್ಲಿ ನಮ್ಮ ಮೀಮಾಂಸಕರು ಮಾಡಿದಷ್ಟು ಸೂಕ್ಷ್ಮವಾದ ವಿಚಾರವನ್ನು ಬೇರೆ ಯಾವ ದೇಶದ ಶಾಸ್ತ್ರದಲ್ಲಿಯೂ ನಾನು ಕಂಡಿಲ್ಲ. ‘ಯಜಿಸಬೇಕು’ ಎಂಬ ಒಂದು ವೈದಿಕ ಕ್ರಿಯಾಪದದ ಪ್ರತ್ಯಯದಲ್ಲಿ ಅವರು ಎರಡು ಪದರಗಳನ್ನು ಕಂಡರು: ಪುರುಷನನ್ನು ಪ್ರೇರಿಸುವ ವಿಧಿಯ ಅಂಶವೊಂದು, ಫಲವನ್ನು ಸಾಧಿಸಹೊರಟ ಪುರುಷನ ಪ್ರಯತ್ನದ ಅಂಶ ಇನ್ನೊಂದು. ಈ ಎರಡಕ್ಕೂ ಅವರು ಭಾವನೆಯೆಂದು ಹೆಸರಿಟ್ಟರು. ಪ್ರತಿಯೊಂದು ಭಾವನೆಗೂ ಏನನ್ನು, ಯಾವುದರಿಂದ, ಹೇಗೆ ಎಂಬ ಮೂರು ಆಕಾಂಕ್ಷೆಗಳುಂಟೆಂದೂ, ‘ಹೇಗೆ’ ಎಂಬ ಮೂರನೆಯದು, ಇತಿಕರ್ತವ್ಯತೆಯೆಂಬುದು, ತುಂಬದಿದ್ದರೆ ವಿಧಿಯು ಅಪೂರ್ಣವಾಗಿ ಉಳಿಯುವುದೆಂದೂ ನಿರ್ಣಯಿಸಿದರು. ಅಂದರೆ ಕ್ರಿಯೆ ನಡೆದ ಮೇಲೆ ಶೋಭೆಗಾಗಿ ಮುಡಿಸುವ ಹೂವಲ್ಲ ರೀತಿಯೆಂಬುದು. ವಿಧಿಯ ಗರ್ಭದಲ್ಲಿಯೇ ಅದಕ್ಕಾಗಿ ಹಸಿವಿದೆ. ಅವರ ಇನ್ನೊಂದು ನ್ಯಾಯವು ಇದಕ್ಕಿಂತಲೂ ನಮ್ಮ ಪ್ರಸಕ್ತಿಗೆ ಹತ್ತಿರದ್ದು. ಹೋಮವನ್ನು ಮಾಡಬೇಕೆಂದು ಒಂದು ವಾಕ್ಯವು ಆಗಲೇ ವಿಧಿಸಿದ್ದು, ಮೊಸರಿನಿಂದ ಹೋಮ ಮಾಡಬೇಕೆಂದು ಮತ್ತೊಂದು ವಾಕ್ಯವು ಬಂದರೆ, ಹೋಮವು ಮೊದಲೇ ಸಿದ್ಧವಾಗಿರುವುದರಿಂದ ಎರಡನೆಯ ವಾಕ್ಯದ ವಿಧಿಯ ಭಾರವೆಲ್ಲ ಮೊಸರಿನ ಮೇಲೆಯೇ ಬೀಳುವುದು. ಆಗ ವಿಧೇಯವಾದುದು ಕ್ರಿಯೆಯಲ್ಲ, ಕ್ರಿಯೆಯ ಗುಣ. ಇದೇ ಅಳತೆಗೋಲಿನಿಂದ ಆ ಪ್ರತಿಜ್ಞೆಯನ್ನು ಅಳೆದು ನೋಡಿ. ಚುನಾಯಿತನಾದವನು ಅಧಿಕಾರವನ್ನು ನಡೆಸುವನೆಂಬುದು ಪ್ರತಿಜ್ಞೆಯಿಲ್ಲದೆಯೂ ಸಿದ್ಧವಾದ ಸಂಗತಿ. ಆ ವಾಕ್ಯವು ಅವನ ಮೇಲೆ ಹೊಸದಾಗಿ ಹೊರಿಸುವುದು ನಿಷ್ಠೆಯೊಂದನ್ನೇ. ಪ್ರತಿಜ್ಞೆಯ ಸಾರವೆಲ್ಲ ಇರುವ ಒಂದೇ ಪದವು ಆಸನ ತಪ್ಪಿದುದಕ್ಕೆ ಗಲಿಬಿಲಿಯಾದುದು ಸಹಜವೇ.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೋಸೆಫ್ ಹಾಲ್ ಎಂಬ ಬಿಷಪ್ಪನು, ದೇವರ ಒಲವು ಕ್ರಿಯಾವಿಶೇಷಣಗಳ ಕಡೆಗೆಂದೂ, ಕೆಲಸವು ಎಷ್ಟು ದೊಡ್ಡದೆಂಬುದನ್ನು ನೋಡದೆ ಎಷ್ಟು ಚೆನ್ನಾಗಿ ನಡೆಯಿತೆಂಬುದನ್ನೇ ಆತನು ನೋಡುವನೆಂದೂ ಅರ್ಥಬರುವ ಮಾತನ್ನು ಹೇಳಿದ್ದಾನೆ. ಗೀತೆಯ ಮೂರನೆಯ ಅಧ್ಯಾಯವನ್ನು ಓದಿದವರಿಗೆ ಇದು ಅಪೂರ್ವವೆನಿಸದು. ಯುದ್ಧವೆಂಬ ಕ್ರಿಯೆಯು ಅರ್ಜುನನ ಮುಂದೆ ಆಗಲೇ ಬಂದು ನಿಂತಿತ್ತು. ಕೃಷ್ಣನು ಅದಕ್ಕೆ ಕೂಡಿಸಿದುದು ‘ಸಂಗವಿಲ್ಲದೆ’ ಎಂಬುದೊಂದನ್ನು.

ಇಲ್ಲಿಯವರೆಗೆ ದಾರಿ ಸುಗಮ. ಆದರೆ ನಡುವಣ ಆ ಆಸನದಲ್ಲಿ ನಿಷ್ಠೆ, ಗಾಂಭೀರ್ಯ, ಅಸಂಗಗಳು ಮಾತ್ರವೇ ಕುಳಿತುಕೊಳ್ಳುವುದಿಲ್ಲವಷ್ಟೆ. ‘ಬಹುಶಃ’, ‘ಒಂದು ವಿಧದಲ್ಲಿ’, ‘ಸಾಧ್ಯವಾದಮಟ್ಟಿಗೆ’ ಎಂಬವೂ ಅಲ್ಲಿಗೇ ಬಂದು ಕುಳಿತುಕೊಳ್ಳುತ್ತವೆ. ವಿಧಿಯನ್ನು ಬಲಗೊಳಿಸುವ ಪದಕ್ಕೂ ಸಡಿಲಿಸುವ ಪದಕ್ಕೂ ಒಂದೇ ಪೀಠ. ಮನುಷ್ಯನ ಅರಿವು ಯಾವಾಗಲೂ ಒಂದು ಪಾರ್ಶ್ವದಿಂದ ಬಂದದ್ದಾದರೆ, ಎಲ್ಲ ವಾಕ್ಯಗಳಿಗೂ ‘ಒಂದು ದೃಷ್ಟಿಯಿಂದ’ ಎಂಬ ಉಪಾಧಿಯು ಅಂಟಿಕೊಂಡೇ ಇರುವುದಾದರೆ, ಯಾವನಾದರೂ ಯಾವುದನ್ನಾದರೂ ‘ಮಾಡಿಯೇ ತೀರಬೇಕು’ ಎಂದು ಹೇಗೆ ಹೇಳಿಯಾನು? ಈ ಆಕ್ಷೇಪವನ್ನು ಅತ್ಯಂತ ತೀಕ್ಷ್ಣವಾಗಿ ಎತ್ತಿದವರು ಶಂಕರಾಚಾರ್ಯರು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಭಾಷ್ಯದಲ್ಲಿ ‘ಸ್ಯಾತ್’ ಎಂಬುದನ್ನು ಮುಂದಿಟ್ಟು ಒಂದೇ ವಸ್ತುವನ್ನು ಏಳು ಬಗೆಯಲ್ಲಿ ನುಡಿಯುವ ಜೈನರ ಸಪ್ತಭಂಗಿಯನ್ನು ವಿಮರ್ಶಿಸುತ್ತ, ಒಂದೇ ವಸ್ತುವಿನಲ್ಲಿ ಪರಸ್ಪರ ವಿರುದ್ಧವಾದ ಧರ್ಮಗಳು ಕೂಡಿರಲಾರವೆಂದು ಹೇಳುವುದರ ಜೊತೆಗೆ, ಎಲ್ಲವೂ ಅನಿಶ್ಚಿತವೆನ್ನುವ ತೀರ್ಥಂಕರನ ಉಪದೇಶವನ್ನು ನಂಬಿ ಅನುಯಾಯಿಗಳು ಕಾರ್ಯಕ್ಕೆ ತೊಡಗುವುದೆಂತು ಎಂದು ಅವರು ಕೇಳುತ್ತಾರೆ. ಮೊದಲನೆಯದು ತರ್ಕದ ಆಕ್ಷೇಪ. ಎರಡನೆಯದು ಧರ್ಮದ ಆಕ್ಷೇಪ, ಮತ್ತು ನನ್ನ ಎಣಿಕೆಯಲ್ಲಿ ಎರಡರಲ್ಲಿ ಹೆಚ್ಚು ಭಾರವುಳ್ಳದ್ದು.

ಇದಕ್ಕೆ ಉತ್ತರವನ್ನು ಹುಡುಕುವವರು ಬಿ.ಸಿ.ರೋಡಿನಿಂದ ಬಹುದೂರ ಹೋಗಬೇಕಾಗಿಲ್ಲ. ಜೈನಕಾಶಿಯೆನಿಸಿದ ಮೂಡಬಿದಿರೆಯಲ್ಲಿ, 1430ರಲ್ಲಿ ಕಟ್ಟಿದ ಸಾವಿರಕಂಬದ ಬಸದಿಗಿಂತಲೂ ಅಮೂಲ್ಯವಾದುದೆಂದು ವಿದ್ವಾಂಸರು ಎಣಿಸುವ ಧವಲಾ ಜಯಧವಲಾದಿ ಸಿದ್ಧಾಂತಗ್ರಂಥಗಳ ತಾಡವಾಲೆಗಳು ಗುರುಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದುವು. ಪ್ರಾಕೃತ ಸಂಸ್ಕೃತಗಳ ಮಾತು, ಹಳೆಗನ್ನಡದ ಲಿಪಿ. 1939ರಿಂದ ಮೊದಲ್ಗೊಂಡು ಧವಲಾ ಟೀಕೆಯು ಸಂಪುಟ ಸಂಪುಟವಾಗಿ ಅಚ್ಚಾಗಿ ಹೊರಬರುವವರೆಗೆ ಅವುಗಳ ದರ್ಶನವೇ ಯಾತ್ರಿಕರಿಗೆ ಪುಣ್ಯವಾಗಿತ್ತು, ಓದುವುದು ಹಾಗಿರಲಿ. ಈ ಪರಂಪರೆಯವರು ವ್ಯಾಕರಣವನ್ನೂ ದರ್ಶನವನ್ನೂ ಬೇರೆ ಬೇರೆ ಮನೆಗಳಲ್ಲಿ ಇರಿಸಿದವರಲ್ಲ. ಕನ್ನಡನಾಡಿನ ನಂಟುಳ್ಳ ಪೂಜ್ಯಪಾದರು ತಮ್ಮ ಜೈನೇಂದ್ರ ವ್ಯಾಕರಣದ ಮೊದಲ ಸೂತ್ರದಲ್ಲಿಯೇ ಶಬ್ದಗಳ ಸಿದ್ಧಿಯು ಅನೇಕಾಂತದಿಂದಲೇ, ವಸ್ತುವಿಗೆ ಹಲವು ಮುಖಗಳುಂಟೆಂಬುದರಿಂದಲೇ, ಎಂದು ಸಾರಿದರು; ಒಂದೇ ಪದವು ಒಮ್ಮೆ ಕರ್ತೃವಾಗಿ ಒಮ್ಮೆ ಕರ್ಮವಾಗಿ ನಿಲ್ಲುವುದು, ವಸ್ತುವು ಏಕರೂಪವೆಂದು ಹಟಹಿಡಿದವನಿಗೆ ಹೇಗೆ ತಾನೆ ಒಪ್ಪಿಗೆಯಾದೀತು? ಬೇರೊಂದು ಶಾಸ್ತ್ರದ ಬಾಗಿಲಲ್ಲಿ ಇಂತಹ ಸೂತ್ರವು ನಿಂತಿದ್ದರೆ ಮಂಗಳಾಚರಣೆಯೆಂದು ದಾಟಿಹೋಗಬಹುದಾಗಿತ್ತು. ವ್ಯಾಕರಣದ ಬಾಗಿಲಲ್ಲಿ ಅದು ಪ್ರತಿಜ್ಞೆಯೇ ಆಗಿದೆ.

ಜೈನರ ‘ಸ್ಯಾತ್’ ಎಂಬುದು ನೋಟಕ್ಕೆ ‘ಇರಬಹುದು’ ಎಂಬರ್ಥದ ಕ್ರಿಯಾಪದದಂತೆ ಕಾಣುವುದು. ಅದನ್ನು ಇಂಗ್ಲಿಷಿನ ‘ಮೇ’ ಎಂಬುದರೊಡನೆ ಸಮೀಕರಿಸಿ ಸ್ಯಾದ್ವಾದವನ್ನು ಸಂದೇಹವಾದವೆಂದು ಬಗೆದವರು ಹಲವರು. ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಅದು ಕ್ರಿಯಾಪದವಲ್ಲ, ನಿಪಾತವೆಂದು, ಅಂದರೆ ವಾಕ್ಯದಲ್ಲಿ ನಿಂತು ವಸ್ತುವಿನ ಅನೇಕಾಂತತೆಯನ್ನು ಬೆಳಗುವ ಅವ್ಯಯವೆಂದು ಸ್ಪಷ್ಟಪಡಿಸಿದ್ದಾರೆ. ಸಂಭಾವನೆಯ ಕ್ರಿಯಾರೂಪವೊಂದು ಕ್ರಿಯೆಯ ಸ್ಥಾನವನ್ನು ಬಿಟ್ಟು ಕ್ರಿಯಾವಿಶೇಷಣದ ಸ್ಥಾನಕ್ಕೆ ಬಂದು ಕುಳಿತಿತೆಂದು ಹೇಳಿದರೆ ತಪ್ಪಾಗಲಾರದು. ಹಾಗೆ ಬಂದುದರಿಂದ ಕ್ರಿಯೆಯ ಸ್ಥಾನವು ತೆರವಾಯಿತು. ಅಲ್ಲಿ ‘ಅಸ್ತಿ’ ಎಂಬ ನಿಶ್ಚಯದ ಕ್ರಿಯೆಯು ಬಂದು ನಿಂತಿತು. ಅದರ ಬೆನ್ನಿಗೆ ‘ಏವ’ ಎಂಬ ಅವಧಾರಣವೂ ಬಂದಿತು. ಈ ಮನೆಯ ಈ ಮಡಕೆಯು ಮಣ್ಣಿನದೆಂಬ ದೃಷ್ಟಿಯಿಂದ, ಇಲ್ಲಿ, ಈಗ, ಇದ್ದೇ ಇದೆ. ಸಂದೇಹವು ಎಲ್ಲಿ? ದೃಷ್ಟಿಯನ್ನು ಮೊದಲೇ ಗೆರೆಯೆಳೆದು ತೋರಿಸಿದವನಿಗೆ ಗೆರೆಯೊಳಗೆ ನಿಶ್ಚಯವನ್ನು ಆಡಲು ಅಧಿಕಾರವುಂಟು. ಗೆರೆಯನ್ನೇ ಎಳೆಯದೆ ನಿಶ್ಚಯವನ್ನಾಡುವವನು ದುರ್ನಯಿ, ಎಂದರೆ ತಪ್ಪು ದೃಷ್ಟಿಯವನು.

ಈ ‘ಏವ’ವನ್ನು ಎಲ್ಲಿ ಇಡಬೇಕೆಂಬುದರ ಬಗ್ಗೆ ಭಾರತದ ತಾರ್ಕಿಕರು ನಡೆಸಿದ ಚರ್ಚೆಯನ್ನು ಫೌಲರನು ಕೇಳಿದ್ದರೆ ಸಂತೋಷಪಡುತ್ತಿದ್ದನು. ಏಳನೆಯ ಶತಮಾನದ ಬೌದ್ಧನಾದ ಧರ್ಮಕೀರ್ತಿಯಿಂದ ಹೊರಟ ಆ ವಿಚಾರವನ್ನು ಜೈನರೂ ಸ್ವೀಕರಿಸಿದರು. ಅವಧಾರಣವು ವಿಶೇಷಣಕ್ಕೆ ಸೇರಿ ‘ಶಂಖವು ಬಿಳಿಯದೇ’ ಎಂದಾದರೆ ಶಂಖಕ್ಕೆ ಬಿಳುಪಿಲ್ಲದಿರುವುದನ್ನು ನಿವಾರಿಸುತ್ತದೆ. ವಿಶೇಷ್ಯಕ್ಕೆ ಸೇರಿ ‘ಪಾರ್ಥನೇ ಬಿಲ್ಲಾಳು’ ಎಂದಾದರೆ ಇತರರಲ್ಲಿ ಅಂಥ ಬಿಲ್ಗಾರಿಕೆಯಿರುವುದನ್ನು ನಿವಾರಿಸುತ್ತದೆ. ಕ್ರಿಯೆಗೆ ಸೇರಿ ‘ನೀಲಿಯ ಕಮಲವು ಇದ್ದೇ ಇದೆ’ ಎಂದಾದರೆ ಅದು ಎಲ್ಲಿಯೂ ಎಂದೂ ಇಲ್ಲವೆಂಬ ಅತ್ಯಂತಾಭಾವವನ್ನು ಮಾತ್ರ ನಿವಾರಿಸುತ್ತದೆ. ಪದವು ಒಂದೇ, ಆಸನಗಳು ಮೂರು, ಅರ್ಥಗಳು ಮೂರು.

ನಮ್ಮ ಕನ್ನಡವು ಈ ಪಾಠವನ್ನು ಯಾರಿಂದಲೂ ಕಲಿಯದೆ ತನ್ನ ಮೈಯಲ್ಲಿಯೇ ಇರಿಸಿಕೊಂಡಿದೆ. ನಮ್ಮಲ್ಲಿ ‘ಬೇಕು’, ‘ಬಹುದು’, ‘ಬಾರದು’ ಎಂಬ ವಿಧಿಸಂಭಾವನೆಗಳು ಕ್ರಿಯೆಯ ಬೆನ್ನಿಗೆ ಅಂಟಿಕೊಂಡು ಬರುವುವು. ‘ಮಾಡಬೇಕು’ ಎಂಬುದರ ನಡುವೆ ‘ನಿಷ್ಠೆಯಿಂದ’ ಎಂಬುದನ್ನು ತೂರಿಸಲು ಯಾವ ಕವಿಗೂ ಸಾಧ್ಯವಿಲ್ಲ. ಅದು ವಿನಯದಿಂದ ಕ್ರಿಯೆಯ ಮುಂದೆ ನಿಲ್ಲಬೇಕು. ಆದರೆ ಆ ಬೆಸುಗೆಯಲ್ಲಿ ಎರಡೇ ಎರಡು ಸ್ವರಗಳಿಗೆ ಪ್ರವೇಶವುಂಟು: ‘ಮಾಡಲೇಬೇಕು’ ಎಂಬಲ್ಲಿಯ ಏಕಾರ, ‘ಮಾಡಲೂಬಹುದು’ ಎಂಬಲ್ಲಿಯ ಊಕಾರ. ಒಂದು ಇತರ ದಾರಿಗಳನ್ನು ಮುಚ್ಚುವುದು, ಇನ್ನೊಂದು ತೆರೆಯುವುದು. ಒಂದು ಸಂಸ್ಕೃತದ ‘ಏವ’, ಮತ್ತೊಂದು ‘ಅಪಿ’. ನಿಶ್ಚಯಕ್ಕೂ ಅನೇಕಾಂತಕ್ಕೂ ಅಷ್ಟು ಒಳಗಿನ ಸ್ಥಾನವನ್ನು ಕೊಟ್ಟು, ಮಿಕ್ಕ ವಿಶೇಷಣಗಳನ್ನೆಲ್ಲ ಹೊರಜಗಲಿಯಲ್ಲಿ ಕೂರಿಸಿದ ಭಾಷೆಯು ತನ್ನಷ್ಟಕ್ಕೆ ಒಂದು ದರ್ಶನವನ್ನು ಆಯ್ದುಕೊಂಡಿತೆಂದು ನಾನು ಹೇಳಲಾರೆ. ಭಾಷೆಗಳ ಮೇಲೆ ದರ್ಶನಗಳನ್ನು ಹೊರಿಸುವುದು ಪಂಡಿತರ ಒಂದು ವ್ಯಸನ.

ಧರ್ಮಸ್ಥಳದಲ್ಲಿ ಆಣೆಯಿಡುವವನ ನಾಲಗೆಯಲ್ಲಿ ಬರುವುದು ಈ ಏಕಾರವೇ. ‘ಕೊಡುತ್ತೇನೆ’ ಎಂದರೆ ಸಾಲದಾಗಿ, ‘ಕೊಟ್ಟೇ ಕೊಡುತ್ತೇನೆ’ ಎಂದು ಕ್ರಿಯೆಯನ್ನು ಇಮ್ಮಡಿಸಿ ನಡುವೆ ಅವಧಾರಣವನ್ನು ನೆಡಬೇಕು. ಮಾತು ಬಿಡದ ಮಂಜುನಾಥನೆಂದು ಹೆಸರಾದ ದೇವರ ಮುಂದೆ ಮಾತು ಬಿಡುವುದು ಸುಲಭವಲ್ಲವೆಂಬ ಅಂಜಿಕೆಯು ತುಳುನಾಡಿನ ವ್ಯಾಜ್ಯಗಳನ್ನು ಎಷ್ಟೋ ಸಲ ನ್ಯಾಯಾಲಯದ ಮೆಟ್ಟಿಲೇರದಂತೆ ತಡೆದಿದೆ. ಕ್ಷೇತ್ರದ ಧರ್ಮಾಧಿಕಾರಿಗಳಾದ ಹೆಗ್ಗಡೆಯವರ ಮುಂದೆ ದೂರನ್ನು ಹೇಳಿಕೊಂಡು ತೀರ್ಮಾನ ಪಡೆಯುವ ಹೊಯ್ಲಿನ ಪದ್ಧತಿಯೂ ಆ ನಂಬಿಕೆಯ ಮೇಲೆ ನಿಂತದ್ದು. ಆಂಗ್ಲ ಸರಕಾರದ 1873ರ ಪ್ರಮಾಣವಚನ ಕಾಯಿದೆಯೂ, ಒಂದು ಪಕ್ಷದವನು ತನ್ನ ಮತದವರು ಕಟ್ಟುಬೀಳುವಂಥ ವಿಶೇಷವಾದ ಆಣೆಯನ್ನು ಇಡಲು ಒಪ್ಪಿದರೆ ಅದಕ್ಕೆ ಅವಕಾಶ ಕೊಟ್ಟಿತ್ತು. 1969ರ ಕಾಯಿದೆಯಲ್ಲಿ ಸಾಮಾನ್ಯವಾಗಿ ದೇವರ ಹೆಸರಿನಲ್ಲಿ ಶಪಥವೋ ಗಂಭೀರವಾದ ದೃಢೀಕರಣವೋ ಎರಡರಲ್ಲೊಂದು ಸಾಕು; ಆದರೂ ಸಾಕ್ಷಿಯು ಬಯಸಿದರೆ ತನ್ನವರು ಕಟ್ಟುಬೀಳುವಂಥ ಆಣೆಯನ್ನಿಡಲು ನ್ಯಾಯಾಲಯವು ಅನುಮತಿ ಕೊಡಬಹುದು. ಧರ್ಮಸ್ಥಳ ಕ್ಷೇತ್ರದಲ್ಲಿ ಪೂಜೆಗೊಳ್ಳುವುದು ಶಿವಲಿಂಗ, ಪೂಜಿಸುವವರು ಮಾಧ್ವ ವೈಷ್ಣವರು, ಧರ್ಮಾಧಿಕಾರಿಗಳು ಜೈನರು. ಚಂದ್ರನಾಥನ ಬಸದಿಯೂ ಧರ್ಮದೈವಗಳ ಸ್ಥಾನವೂ ಅಲ್ಲಿಯೇ ಉಂಟು. ಇದು ಅನೇಕಾಂತವಾದದ ಫಲವೆಂದು ಹೇಳುವವರಿದ್ದಾರೆ. ಸಂಸ್ಥೆಗಳು ವಾದಗಳಿಂದ ಹುಟ್ಟುವುದು ಅಪೂರ್ವವಾದುದರಿಂದ ನನಗೆ ಆ ಧೈರ್ಯವಿಲ್ಲ. ಆದರೆ ಎಲ್ಲರ ದೃಷ್ಟಿಗೂ ಎಡೆಯುಳ್ಳ ಆ ಸ್ಥಳದಲ್ಲಿಯೇ ‘ಮಾಡಿಯೇ ತೀರುವೆನು’ ಎಂಬ ಏಕಾಂತದ ಮಾತಿಗೆ ಅಷ್ಟೊಂದು ಬೆಲೆ ಬಂದಿರುವುದು ಶಂಕರರ ಆಕ್ಷೇಪಕ್ಕೆ ಎದುರಾಗಿ ನಿಂತ ಒಂದು ಸಂಗತಿಯೆಂದು ಮಾತ್ರ ಹೇಳಬಲ್ಲೆನು.

ಜೈನಶಾಸ್ತ್ರದ ಉತ್ತರವು ವ್ರತಗಳ ಪ್ರಕರಣದಲ್ಲಿದೆ. ಹಿಂಸೆ, ಅಸತ್ಯ, ಚೌರ್ಯ ಮೊದಲಾದ ಐದರಿಂದ ವಿರಮಿಸುವುದೇ ವ್ರತವೆಂದು ಹೇಳಿ, ತತ್ತ್ವಾರ್ಥಸೂತ್ರವು ಅದರ ಮರುಸೂತ್ರದಲ್ಲಿಯೇ ಮುನಿಯ ಮಹಾವ್ರತಕ್ಕೂ ಗೃಹಸ್ಥನ ಅಣುವ್ರತಕ್ಕೂ ಇರುವ ಭೇದವನ್ನು ಎರಡು ಅವ್ಯಯಗಳಿಂದ ತೋರಿಸುತ್ತದೆ: ಒಬ್ಬನು ‘ಸರ್ವತಃ’ ವಿರಮಿಸುವನು, ಇನ್ನೊಬ್ಬನು ‘ದೇಶತಃ’, ಎಂದರೆ ಅಂಶತಃ. ಕ್ರಿಯೆಯೊಂದೇ, ವಿಧಿಯೊಂದೇ, ಎಲ್ಲವನ್ನೂ ತೊರೆದು ಪಿಂಛಿ ಕಮಂಡಲು ಹಿಡಿದವನಿಗೂ ಅಡಕೆ ತೋಟದ ಲೆಕ್ಕ ನೋಡುತ್ತ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮೂಡಬಿದಿರೆಯ ಶ್ರಾವಕನಿಗೂ ನಡುವಣ ಅಂತರವೆಲ್ಲ ಆ ಅವ್ಯಯದೊಳಗಿದೆ. ಅಂಶತಃ ಎಂದಮಾತ್ರಕ್ಕೆ ಅರೆಮನಸ್ಸಿನಿಂದ ಎಂದು ತಿಳಿಯಕೂಡದು. ಗೃಹಸ್ಥನು ಅಣುವ್ರತಗಳ ಮೇಲೆ ದಿಗ್ವ್ರತವನ್ನೂ ದೇಶವ್ರತವನ್ನೂ ತೊಡುತ್ತಾನೆ: ಇಂಥ ದಿಕ್ಕಿನಲ್ಲಿ ಇಂಥ ಊರನ್ನಾಗಲಿ ನದಿಯನ್ನಾಗಲಿ ದಾಟೆನು ಎಂದು ಮೊದಲನೆಯದು ಆಜೀವವಾಗಿ, ಎರಡನೆಯದು ನಿಯತಕಾಲದವರೆಗೆ. ವೇಣೂರಿನ ಗೃಹಸ್ಥನೊಬ್ಬನು ಪಕ್ಷಕಾಲ ಫಲ್ಗುಣಿಯನ್ನು ದಾಟೆನೆಂದು ಕಟ್ಟುಮಾಡಿಕೊಂಡನೆಂದು ಭಾವಿಸೋಣ. ನದಿಯ ಈಚೆಗೆ ಅವನು ಉಳುವನು, ಮಾರುವನು, ಕೊಳ್ಳುವನು; ಅವನಿಂದ ಸೂಕ್ಷ್ಮ ಹಿಂಸೆಯು ತಪ್ಪದು. ನದಿಯ ಆಚೆಗೆ? ಅಲ್ಲಿ ಅವನು ಏನನ್ನೂ ಮಾಡುವುದಿಲ್ಲವಾದುದರಿಂದ, ಆ ಎಲ್ಲೆಯ ಹೊರಗಿನ ಮಟ್ಟಿಗೆ ಅವನ ಅಣುವ್ರತವೇ ಮಹಾವ್ರತದ ಪದವಿಗೆ ಏರುವುದೆಂದು ರತ್ನಕರಂಡಕ ಶ್ರಾವಕಾಚಾರವು ಹೇಳುತ್ತದೆ. ‘ಸ್ಯಾತ್’ ಎಂಬುದನ್ನು ಅನೇಕಾಂತದ ದ್ಯೋತಕವೆಂದು ನಿರ್ಣಯಿಸಿದ ಸಮಂತಭದ್ರರ ಹೆಸರಿನಲ್ಲಿಯೇ ಬಂದಿರುವ ಗ್ರಂಥವದು, ಮತ್ತು ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಎಲ್ಲೆಯು ಒಂದೆಡೆಯಲ್ಲಿ ಅರಿವಿಗೆ ನಿಶ್ಚಯದ ಅಧಿಕಾರವನ್ನು ಕೊಡುತ್ತದೆ, ಇನ್ನೊಂದೆಡೆಯಲ್ಲಿ ಗೃಹಸ್ಥನಿಗೆ ಮುನಿಯ ಪೂರ್ಣತೆಯನ್ನು ಕೊಡುತ್ತದೆ. ಎರಡೂ ಕಡೆ ಕೆಲಸ ಮಾಡಿದ್ದು ಸೀಮೆಯನ್ನು ಹೇಳುವ ಒಂದು ಅವ್ಯಯ. ತೀರ್ಥಂಕರನ ಅನುಯಾಯಿಯು ಕಾರ್ಯಕ್ಕೆ ತೊಡಗುವುದೆಂತೆಂದು ಕೇಳಿದವರಿಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಅರಿಯೆ.

ಮನುಷ್ಯನು ಎಲ್ಲೆಯನ್ನು ಒಪ್ಪಿಕೊಂಡೂ ಅದರ ಸಂದಿಯಲ್ಲಿ ಹೇಗೆ ನುಸುಳುವನೆಂಬುದನ್ನು ತತ್ತ್ವಾರ್ಥದ ಸೂತ್ರಕಾರನು ಬಲ್ಲನು. ಆದುದರಿಂದ ದೇಶವ್ರತದ ಅತಿಚಾರಗಳನ್ನು, ಎಂದರೆ ವ್ರತವನ್ನು ಮುರಿಯದೆಯೇ ಕೆಡಿಸುವ ದೋಷಗಳನ್ನು, ಎಣಿಸುವಾಗ, ಎಲ್ಲೆಯನ್ನು ದಾಟುವುದನ್ನು ಅವನು ಹೇಳುವುದೇ ಇಲ್ಲ. ಅದು ವ್ರತಭಂಗವೇ ಆಯಿತಲ್ಲ. ಆಚೆಯಿಂದ ವಸ್ತುಗಳನ್ನು ತರಿಸಿಕೊಳ್ಳುವುದು, ಆಳನ್ನು ಆಚೆಗೆ ಕಳುಹಿಸುವುದು, ಈಚೆ ದಡದಲ್ಲಿಯೇ ನಿಂತು ಕೆಮ್ಮಿಯೋ ಕೂಗಿಯೋ ಸನ್ನೆ ಮಾಡುವುದು, ಆಚೆಯವರ ಕಣ್ಣಿಗೆ ಬೀಳುವಂತೆ ಮೈತೋರಿಸಿಕೊಳ್ಳುವುದು, ಹೆಂಟೆಯನ್ನೋ ಕಲ್ಲನ್ನೋ ಎಸೆದು ಗಮನ ಸೆಳೆಯುವುದು, ಇವು ಐದು. ಐದರಲ್ಲಿಯೂ ಕಾಲು ಎಲ್ಲೆಯನ್ನು ಮೀರಿಲ್ಲ; ‘ದಾಟೆನು’ ಎಂಬ ಕ್ರಿಯೆಯು ಅಕ್ಷರಶಃ ಪಾಲಿತವಾಗಿದೆ; ಕೆಟ್ಟಿರುವುದು ಪಾಲಿಸಿದ ರೀತಿ. ಫಲ್ಗುಣಿಯ ಈಚೆಗೆ ಕುಳಿತು ಆಚೆಯ ಅಡಕೆ 2 ಕ್ವಿಂಟಲಿಗೆ ದೂರವಾಣಿಯಲ್ಲಿ ದರ ಕುದುರಿಸುವುದು ಮೂರನೆಯ ಅತಿಚಾರಕ್ಕೆ ಸೇರುವುದೋ, ಲಾರಿಯನ್ನು ಕಳುಹಿಸಿದರೆ ಮಾತ್ರ ಎರಡನೆಯದಕ್ಕೆ ಸೇರುವುದೋ, ಎಂಬುದನ್ನು ಶ್ರಾವಕರು ಮೂಡಬಿದಿರೆಯ ಮಠದಲ್ಲಿಯೇ ಕೇಳಿ ತಿಳಿಯಬೇಕು.